ಎಣಿಕೆಯ ಡಬ್ಬಿ

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಅನ್ನುತ್ತದೆ ಗಾದೆ.
ನನಗೆ ಸಂಬಳ ಕೊಡುವುದೇ
ಮಿಂಚಿಹೋದದ್ದಕ್ಕೆ ಚಿಂತಿಸಲೆಂದು.

ಉಗಾಂಡದ ಪಡುವಣಕ್ಕೆ, ಟೀ ತೋಟಗಳು ಮುಗಿದು
ಕೆಂಪು ರಸ್ತೆಯೊಂದೇ ಉಳಿಯುವಲ್ಲಿ
ಕಿಸೋಜೊ ಗುಡ್ಡದ ಪ್ರೈಮರಿ ಶಾಲೆ.
ಏಪ್ರಿಲ್‌ನ ಒಂದು ಮಧ್ಯಾಹ್ನ, ಭಾಗಾಕಾರದ ನಡುವೆ,
ತಗಡಿನ ಮಾಡಿನಿಂದ ಗೋಡೆಗೆ,
ಗೋಡೆಯಿಂದ ಒದ್ದೆ ನೆಲಕ್ಕೆ,
ನೆಲದಿಂದ ಬರಿಗಾಲುಗಳಿಗೆ.
ಶೇಷ ಎಷ್ಟು ಎಂದು ಯಾರೂ ಹೇಳಲಿಲ್ಲ.

ಎರಡು ತಿಂಗಳಿಗೆ ನಾನು ಬಂದೆ,
ಕಂಪಾಲಾದ ಪ್ರಯೋಗಾಲಯದಿಂದ, ಅಳೆಯುವ ಪೆಟ್ಟಿಗೆ ಹೊತ್ತು.
ಹೆಡ್‌ಮಾಸ್ಟರ್ ಇರುಂಬ ಕೈ ಕುಲುಕಿ
ತನ್ನ ಮುದ್ದಿನ ಹೆಸರು ಹೇಳಿದ: ಅರಾಳಿ.
ಈ ಸೀಮೆಯಲ್ಲಿ ಎಲ್ಲರಿಗೂ ಅಂಥದೊಂದು ಹೆಸರುಂಟು,
ಅದರಿಂದಲೇ ಕರೆಯುವುದು, ಅದರಿಂದಲೇ ಕುಶಲ ಕೇಳುವುದು.
ಅವನದಕ್ಕೆ ಗುಡುಗು ಎಂದು ಅರ್ಥವಂತೆ.
"ಈಗ ಯಾರೂ ಹಾಗೆ ಕರೆಯುವುದಿಲ್ಲ," ಅಂದ,
ಬೀಗದ ಕೈಯಿಂದ ಕಿವಿ ಕೆರೆದುಕೊಳ್ಳುತ್ತ.

ಮೊದಲು ನೆಲವನ್ನು ಕೇಳಬೇಕು.
ಗೂಟ ಹೊಡೆದು, ತಂತಿ ಎಳೆದು, ಹಿಡಿ ತಿರುಗಿಸಿದರೆ
ಮುಳ್ಳು ಹೇಳುತ್ತದೆ,
ಬಂದದ್ದನ್ನು ನುಂಗಲು ಮಣ್ಣಿಗೆ ಎಷ್ಟು ಮನಸ್ಸಿದೆ ಎಂದು.
ಎಂಬತ್ತನಾಲ್ಕು ಓಮ್.
ಒಲ್ಲೆ, ಎಂದರ್ಥ.
ಇನ್ನೂ ಒಂದಾಳು ಅಗೆದೆವು. ಇದ್ದಿಲು ಸುರಿದೆವು, ಉಪ್ಪು ಸುರಿದೆವು,
ಮಕ್ಕಳು ಹಳದಿ ಕ್ಯಾನುಗಳಲ್ಲಿ ನೀರು ತಂದರು.
ಹೆಣ ಹೂತ ಊರಿಗೆ ಆ ಗುಂಡಿ
ಯಾವುದೋ ಶಾಂತಿಯಂತೆ ಕಂಡಿರಬೇಕು,
ಮುದುಕಿಯೊಬ್ಬಳು ಬಂದು ಒಂದು ಹಿಡಿ ರಾಗಿ ಹಾಕಿದಳು.
ರಾಗಿಯಿಂದ ಓಮ್ ಇಳಿಯದು. ತಡೆಯಲಿಲ್ಲ.
ಸಂಜೆಗೆ ಒಂಬತ್ತು.

ಮಾಡಿನ ಮೇಲೆ ಸಲಾಕೆ, ಗೋಡೆಗುಂಟ ತಾಮ್ರದ ಪಟ್ಟಿ,
ಪಟ್ಟಿಯ ಬುಡದಲ್ಲಿ ಎಣಿಕೆಯ ಡಬ್ಬಿ:
ಗಾಜಿನ ಹಿಂದೆ ಮೂರು ಸೊನ್ನೆ.
ಸೆಕೆಂಡನ್ನು ಹತ್ತು ಸಾವಿರ ಚೂರು ಮಾಡಿ
ಒಂದು ಚೂರಿನೊಳಗೆ ಮೂವತ್ತು ಸಾವಿರ ಆಂಪಿಯರ್ ಹಾದರೂ
ಇಲ್ಲಿ ಅದು ಒಂದು ಸಣ್ಣ ಟಿಕ್,
ಸೈಕಲ್ಲಿನ ಮೀಟರ್ ಒಂದು ಹಲ್ಲು ಸರಿದ ಹಾಗೆ.

ದಿನಾ ಅಂಕಿ ಬರೆದಿಡಲು ಕೊಬುಸಿಂಗೆ ಒಪ್ಪಿದಳು.
ಐದನೇ ತರಗತಿ. ಅಂಗಾಲಿನಲ್ಲಿ
ಕಡಲೆಯಷ್ಟಗಲ ಸುಟ್ಟ ಕಲೆ.
ಆಗಸ್ಟ್ ಕೊನೆಗೆ ಸೊನ್ನೆ ಸೊನ್ನೆ ಒಂದು.
ಇಡೀ ಶಾಲೆ ಸಾಲಾಗಿ ಬಂದು ಆ ಒಂದನ್ನು ನೋಡಿತಂತೆ.
ಸತ್ತವರ ಲೆಕ್ಕ ಊರಿಗೆಲ್ಲ ಬಾಯಿಪಾಠ;
ಸಾಯದೆ ಉಳಿದದ್ದಕ್ಕೆ ಅಂಕಿ ಸಿಕ್ಕಿದ್ದು ಇದೇ ಮೊದಲು.

ಆಮೇಲೆ ಎರಡು. ಮೂರು.
ಅಕ್ಟೋಬರ್ ಪೂರ್ತಿ ಮೂರೇ.
ಗುಡ್ಡದ ಸುತ್ತ ಆಕಾಶ ಹರಿಯುತ್ತಿತ್ತು, ಡಬ್ಬಿ ಅಲುಗಲಿಲ್ಲ.
ದೇವರು ದೊಡ್ಡವನು, ಎಂದ ಅರಾಳಿ.
ಹುಡುಗಿ ಮಾತಾಡದೆ ಗೋಡೆಯ ಬಳ್ಳಿಯನ್ನು ಸರಿಸಿದಳು.
ಡಬ್ಬಿಯ ಮೇಲಕ್ಕೆ ಎರಡು ಮಾರು ತಾಮ್ರ ಇರಲಿಲ್ಲ.
ತುದಿಯಲ್ಲಿ ಗರಗಸದ ಗುರುತು, ನುಣ್ಣಗೆ.
ಸಲಾಕೆ ಮಾತ್ರ ಅಷ್ಟು ದಿನವೂ ತುದಿಗಾಲಲ್ಲಿ ನಿಂತು
ಬಾ ಬಾ ಎಂದು ಕರೆಯುತ್ತಲೇ ಇತ್ತು,
ಬಂದವನಿಗೆ ಹೋಗಲು ದಾರಿಯಿಲ್ಲದ ಮನೆಗೆ.

ಫೋನಿನಲ್ಲಿ ಅವಳು ಹೇಳಿದ್ದಿಷ್ಟೇ:
"ಎಣಿಸುವುದು ನಿಂತಿದೆ, ಬನ್ನಿ."

ದಾರಿಯ ಸಂತೆಯಲ್ಲಿ ಕೀಲುನೋವಿಗೆಂದು
ತಾಮ್ರದ ಬಳೆ ಮಾರುತ್ತಿದ್ದರು.
ಪಟ್ಟಿಯ ಅಗಲ ನನ್ನ ಬೆರಳಿಗೆ ಗೊತ್ತು.
ಚೌಕಾಸಿ ಮಾಡುವವರ ನಡುವೆ ಆ ರಾಗಿಯ ಮುದುಕಿ,
ಮುಂಗೈ ಎತ್ತಿ ತೋರಿಸಿ ನಕ್ಕಳು: ನೋವು ಇಳಿದಿದೆ.
ನಾನೂ ಒಂದು ಕೊಂಡೆ. ಏನೂ ಅನ್ನಲಿಲ್ಲ.

ಈ ಸಲ ಸತು ಬಳಿದ ಕಬ್ಬಿಣ ಹಾಕಿದೆ,
ಗುಜರಿಯವನೂ ಮೂಸದ್ದು.

ಕೊಬುಸಿಂಗೆ ನೋಟ್‌ಬುಕ್ ತಂದಳು.
ಅಕ್ಟೋಬರ್‌ನ ಇಪ್ಪತ್ತಾರು ದಿನಗಳ ಮೇಲೆ
ಸ್ಕೇಲಿಟ್ಟು ಗೀಟು ಎಳೆದಿದ್ದಳು.
ಪಕ್ಕದಲ್ಲಿ, ಸಣ್ಣಕ್ಷರದಲ್ಲಿ:
ಇವು ಲೆಕ್ಕಕ್ಕಿಲ್ಲ.
ಈ ದಿನಗಳಲ್ಲಿ ನಾವು ಸುಮ್ಮನೆ ಬದುಕಿದ್ದು.