ಅಂಚಿನಲ್ಲಿ ಪೆನ್ಸಿಲ್

ಪುಸ್ತಕ ಬಂದದ್ದು ಯಂತ್ರದ ಪೆಟ್ಟಿಗೆಯಲ್ಲೇ,
ಥರ್ಮಾಕೋಲ್ ಚೂರುಗಳ ನಡುವೆ.
ಹನ್ನೊಂದು ಭಾಷೆ. ಕನ್ನಡ ಇಲ್ಲ.
ಒಂಬತ್ತನೇ ಕ್ಲಾಸಿನ ಮಗಳು ಓದಿ ಹೇಳಿದಳು,
ನಾನು ಪೆನ್ಸಿಲಿನಲ್ಲಿ ಅಂಚಿಗೆ ಬರೆದುಕೊಂಡೆ:
ಉಪ್ಪು, ಮೂರು ಸಾವಿರದ ಇನ್ನೂರು.
ಏನದು, ಕೇಜಿಯಾ? ಎಂದೆ.
ಹತ್ತು ಲಕ್ಷ ಪಾಲಲ್ಲಿ ಅಷ್ಟಮ್ಮ, ಎಂದಳು.
ಹತ್ತು ಲಕ್ಷ ನಾನು ಕಂಡದ್ದು
ಆ ಕೊಳ ಕಟ್ಟಿದವರ ಬಿಲ್ಲಿನಲ್ಲಿ ಮಾತ್ರ.

ಹ್ಯಾಂಡ್‌ಪೋಸ್ಟ್ ದಾಟಿ ಎರಡು ತಿರುವು, ನಮ್ಮ ರೆಸಾರ್ಟು.
ರೂಮು ಗುಡಿಸುತ್ತಿದ್ದವಳ ಕೈಗೆ ಬಲೆಕೋಲು ಕೊಟ್ಟು
ಸಾಹುಕಾರ್ರು ಅಂದರು:
ಗುಲಾಬಿ, ಇನ್ನು ಮೇಲೆ ನೀರು ನಿಂದು.

ಬೋರಿನ ನೀರು ತುಂಬಿದಾಗ ಗಾಜಿನ ಹಾಗಿತ್ತು.
ಪುಸ್ತಕ ಹೇಳಿದ ಹಾಗೆ ಉಪ್ಪು ಸುರಿದೆ,
ಒಂದು ಹಗಲು ಒಂದು ರಾತ್ರಿ ಕರಗಲು ಬಿಟ್ಟೆ,
ಆಮೇಲೇ ಗುಂಡಿ ಒತ್ತಿದೆ.
ಸಂಜೆಗೆ ಇಡೀ ಕೊಳ ಡಿಕಾಕ್ಷನ್.
ತುಮಕೂರಿನಿಂದ ಬಂದ ಮಕ್ಕಳು ಟವಲ್ ಹೊದ್ದು ನಿಂತು
ಹಾಲು ಯಾವಾಗ ಹಾಕ್ತೀರ ಆಂಟಿ, ಅಂದವು.

ನೀರಲ್ಲಿ ಲೋಹವಿದ್ದರೆ ಡೀಲರನ್ನು ಕಾಣಿ,
ಅಷ್ಟೇ ಬರೆದಿತ್ತು ನಲವತ್ತನೇ ಪುಟದಲ್ಲಿ.
ಡೀಲರನ ಫೋನು ಮೂರು ದಿನ ಸ್ವಿಚ್ ಆಫ್.

ಪುರಸಭೆಯಲ್ಲಿ ವಾಲ್ವು ತಿರುಗಿಸಿಯೇ ನಿವೃತ್ತರಾದ
ಹಿರಿಯಣ್ಣಯ್ಯ ಬಂದರು, ಕೊಡೆ ಊರಿಕೊಂಡು.
ಬಗ್ಗಿ, ಒಂದು ಬೆರಳದ್ದಿ, ನಾಲಿಗೆಗೆ ಇಟ್ಟುಕೊಂಡರು.
ಕಬ್ಬಿಣ ತಾಯಿ. ಈ ಮಣ್ಣಿನದ್ದೇ.
ಮೆಡಿಕಲ್ಲಿಂದ ವಿಟಮಿನ್ ಸಿ ತಂದು ಪುಡಿ ಮಾಡಿ ಹಾಕು,
ಮೆಟ್ಟಿಲ ಕಲೆ ಬಿಡುತ್ತೆ.
ಮುಂದಿನ ಸಲ ನೀರನ್ನು ಸಂಪಿನಲ್ಲಿ ಕೂರಿಸು,
ಅದಕ್ಕೂ ಸುಸ್ತಾಗುತ್ತೆ, ಕೆಳಗೆ ಕುಳಿತುಕೊಳ್ಳುತ್ತೆ.
ಬರೆದುಕೊಂಡೆ.

ಟ್ಯಾಂಕರಿನ ಇದಿನಬ್ಬ ಹೇಳಿದ್ದು:
ಅಯೋಡಿನ್ ಉಪ್ಪು ಬೇಡ, ಅದು ಸಾರಿಗೆ.
ಪುಸ್ತಕವೂ ಅದನ್ನೇ ಹೇಳಿತ್ತು, ಇಬ್ಬರಿಗೂ ಪರಿಚಯವಿಲ್ಲ.
ಅದನ್ನೂ ಬರೆದುಕೊಂಡೆ, ಎರಡು ಗೆರೆ ಎಳೆದು.

ಪಕ್ಕದ ಹೋಂಸ್ಟೇಯ ಲಾರೆನ್ಸ್ ಮಾತ್ರ ನಕ್ಕ.
ಸೆಲ್ಲಿಗೆ ಸುಣ್ಣ ಕಟ್ಟಿದೆಯಾ?
ತೆಳು ಆಸಿಡ್ಡು, ಹತ್ತು ನಿಮಿಷ, ಕೈಗವಸು,
ಇದೆಲ್ಲ ಕಂಪನಿಯವರ ಬೆಡಗು.
ತಂತಿ ಬ್ರಷ್ಷಲ್ಲಿ ಉಜ್ಜು, ಗುಲಾಬಿ. ನಾನು ಹಾಗೇ.
ಸಲಹೆ ಕೊಡುವವನ ಕೈಯಲ್ಲಿ ಕಾಫಿ ಲೋಟ ಇತ್ತು,
ನಮ್ಮದೇ ಅಡುಗೆಮನೆಯದ್ದು.
ಬರೆದುಕೊಂಡೆ. ಉಜ್ಜಿದೆ.
ಲಕಲಕ ಹೊಳೆಯಿತು, ಮದುವೆ ಪಾತ್ರೆಯ ಹಾಗೆ.

ಯುಗಾದಿ ಕಳೆದ ಹದಿನೈದನೇ ದಿನ ಯಂತ್ರ ಸತ್ತಿತು.
ಹಾಸನದಿಂದ ಬೈಕಿನಲ್ಲಿ ಬಂದ ಹುಡುಗ
ಸೆಲ್ಲನ್ನು ಬಿಸಿಲಿಗೆ ಹಿಡಿದು ನೋಡಿದ,
ಗೀರುಗಳನ್ನು ಎಣಿಸಿದನೋ ಏನೋ.
ಲೇಪ ಹೋಗಿದೆ. ವಾರಂಟಿ ಇಲ್ಲ. ಯಾರು ಹೇಳಿದ್ದು?
ಬೇಲಿಯಾಚೆ ಲಾರೆನ್ಸ್ ಗುಲಾಬಿ ಗಿಡ ಕತ್ತರಿಸುತ್ತಿದ್ದ.
ಯಾರೂ ಇಲ್ಲ, ಎಂದೆ.
ನಲವತ್ತೆರಡು ಸಾವಿರ.
ಸಾಹುಕಾರ್ರು ಬಯ್ಯಲಿಲ್ಲ,
ತಿಂಗಳಿಗೆ ಎರಡರಂತೆ ಹಿಡಿದುಕೊಂಡರು.

ಅಂದಿನಿಂದ ಪ್ರತಿ ಬೆಳಗ್ಗೆ ಪಟ್ಟಿ ಅದ್ದುತ್ತೇನೆ,
ಬಣ್ಣ ನೋಡುತ್ತೇನೆ. ಆಮೇಲೆ ಸುತ್ತ ನೋಡಿ,
ಯಾರೂ ಇಲ್ಲವೆಂದರೆ, ಒಂದು ಬೆರಳು ನಾಲಿಗೆಗೆ.
ಕಣ್ಣೀರಿಗಿಂತ ತೆಳು ಇರಬೇಕು.
ಇದು ಯಾರು ಹೇಳಿದ್ದೂ ಅಲ್ಲ.

ಈಗ ಕೈಕೆಳಗೆ ಒಬ್ಬ ಬಂದಿದ್ದಾನೆ, ಅಭಿಲಾಷ,
ಬಣಕಲ್ಲಿನವ, ಇಂಗ್ಲಿಷ್ ಅಂದರೆ ಬೆವರುತ್ತಾನೆ.
ನಿನ್ನೆ ನಾನು ಪಂಪ್‌ರೂಮಿಗೆ ಹೋದಾಗ
ಸೆಲ್ಲು ಬಿಚ್ಚಿ ತೊಡೆ ಮೇಲಿಟ್ಟುಕೊಂಡು
ಹುಡುಕುತ್ತಿದ್ದ: ಅಕ್ಕಾ, ತಂತಿ ಬ್ರಷ್ ಎಲ್ಲಿ?

ಯಾರೋ ಹೇಳಿದ್ದು ನಿಂಗೆ?

ಕಂಪನಿಯವರೇ ಹೇಳಿದ್ದಾರಲ್ಲಕ್ಕ, ನೋಡಿ,
ಎಂದು ಪುಸ್ತಕ ತೆರೆದು
ನನ್ನ ಅಕ್ಷರದ ಮೇಲೆ ಬೆರಳಿಟ್ಟ.

ರಬ್ಬರಿನಲ್ಲಿ ಉಜ್ಜಿದೆ. ಸೀಸ ಹೋಯಿತು.
ಒತ್ತಿ ಬರೆದಿದ್ದೆ ಆಗ.
ಪುಟ ಓರೆ ಹಿಡಿದರೆ
ಇನ್ನೂ ಓದಬಹುದು.