ಅಂಟದ್ದು

ಅಪ್ಪ ಬಿಟ್ಟುಹೋದ ಆಸ್ತಿ ಇದೊಂದೇ:
ಒಡೆದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ,
ಬೂಟಿನ ಲಾಡಿಗೆ ಕಟ್ಟಿ ಕೊರಳಿಗೆ ಹಾಕಿದ್ದ.
ಕೆಜಾಯಾ, ಅಂಟಿದರೆ ಕಬ್ಬಿಣ, ಎಸೆ ಹಿಂದಕ್ಕೆ.
ಅಂಟದಿದ್ದರೆ ನಿಲ್ಲು. ಕೆರೆದು ನೋಡು.
ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ.
ರೊಟ್ಟಿ ಇರುವುದು ಅಲ್ಲಿ.

ಮಿಡಲ್ಸ್‌ಬರೋದ ಹಿತ್ತಿಲ ಓಣಿಗಳಲ್ಲಿ
ಬೆಳಿಗ್ಗೆ ಏಳಕ್ಕೇ ನಮ್ಮ ಲಾರಿ.
ಅಣ್ಣ ಜೋಬಿ ಗೇರು ಬದಲಿಸುತ್ತಾನೆ,
ನಾನು ಕೂಗುತ್ತೇನೆ.
ಕೂಗಿನಲ್ಲಿ ಪದ ಉಳಿದಿಲ್ಲ,
ತಾತನ ಕಾಲಕ್ಕೇ ಸವೆದು ಬರೀ ಒಂದು ಎಳೆತ.
ಆದರೂ ತಿಳಿಯುತ್ತದೆ ಮಂದಿಗೆ.
ನೈಟಿಯಲ್ಲೇ ಬರುತ್ತಾಳೆ ಮೂಲೆಮನೆಯಾಕೆ,
ಸತ್ತ ಒಲೆಯತ್ತ ಬೆರಳು ತೋರಿಸಿ
ನಾವು ಓಣಿ ದಾಟುವವರೆಗೂ
ಬಾಗಿಲು ಹಿಡಿದೇ ನಿಂತಿರುತ್ತಾಳೆ.

ಮೊದಲೆಲ್ಲ ತೂಕದ ಕಿಟಕಿಯಲ್ಲಿ
ನೋಟು ಎಣಿಸಿ ಕೊಡುತ್ತಿದ್ದರಂತೆ, ಬೆರಳಿಗೆ ಉಗುಳು ಹಚ್ಚಿ.
ಈಗ ಗಾಜಿನಾಚೆಯ ಹುಡುಗ:
ನಗದು ಕೊಟ್ಟರೆ ನಮಗೆ ದಂಡ. ಖಾತೆ ಹೇಳು.
ಖಾತೆಗೆ ವಿಳಾಸ ಬೇಕು.
ವಿಳಾಸಕ್ಕೆ ಕರೆಂಟು ಬಿಲ್ಲು ಬೇಕು.
ನಮ್ಮ ಕ್ಯಾರವಾನಿಗೆ ಕರೆಂಟು ಕೊಡುವುದು ಜನರೇಟರು,
ಅದು ಬಿಲ್ಲು ಕೊಡುವುದಿಲ್ಲ, ಹೊಗೆ ಕೊಡುತ್ತದೆ.

ಹಾಗಾಗಿ ದುಡ್ಡು ನೆಲ್ಸನ್ ಮಾವನ ಖಾತೆಗೆ,
ನೂರಕ್ಕೆ ಹನ್ನೆರಡು ಅವನಿಗೆ.
ಸಂಬಂಧಿಕರು ಅಂತ. ಹೊರಗಿನವರಿಗೆ ಹದಿನೈದು.

ಕಡಲ ದಂಡೆಯ ದೊಡ್ಡ ಕುಲುಮೆಯನ್ನು
ಸಿಡಿಸಿ ಕೆಡವಿದ ದಿನ ನಾವೂ ಹೋಗಿದ್ದೆವು.
ಅಲ್ಲಿ ದುಡಿದವರು ಅತ್ತರು.
ಜೋಬಿ ಮನಸ್ಸಲ್ಲೇ ಟನ್ನು ಲೆಕ್ಕ ಹಾಕುತ್ತಿದ್ದ,
ತಂತಿಬೇಲಿಗೆ ಒತ್ತಿದ ಅವನ ಹಣೆಯ ಮೇಲೆ
ಚೌಕ ಚೌಕ ಗುರುತು.
ಒಂದು ಮೊಳೆಯೂ ನಮ್ಮದಾಗಲಿಲ್ಲ;
ಹೆಸರು ಬರೆಸಿದ ಹಸಿರು ಲಾರಿಗಳು
ಆಗಲೇ ಸಾಲುಗಟ್ಟಿದ್ದವು.

ಆಮೇಲೆ ಅವನು ಗೋದಾಮಿಗೆ ಸೇರಿದ. ನಾಲ್ಕು ದಿನ.
ಒಳಗೆ ಆಕಾಶ ಕಾಣೋದಿಲ್ಲ ಅಂದ, ಅಷ್ಟೇ.
ವಿಳಾಸ ಕೇಳಿದ ದಿನವೇ ಬಿಟ್ಟನೆಂದು
ಇನ್ಯಾರೋ ಹೇಳಿದರು.

ನಾನು ಲೈಬ್ರರಿಯಲ್ಲಿ ಕೂತು ಫಾರ್ಮು ತುಂಬಿದೆ.
ಇಲ್ಲಿ ಎಷ್ಟು ವರ್ಷದಿಂದ ವಾಸ?
ಪಕ್ಕದ ಕುದುರೆಲಾಯದ ಮಿಸೆಸ್ ಥ್ವೇಟ್ಸ್
ನನ್ನ ಅಂಚೆಪೆಟ್ಟಿಗೆ ಬಳಸಿಕೋ ಅಂದಳು.
ಅವಳ ಮುದಿ ಕುದುರೆಯ ಗೊರಸು
ಅಪ್ಪ ಒಮ್ಮೆ ಸರಿಮಾಡಿಕೊಟ್ಟಿದ್ದ.

ಐದು ವಾರಕ್ಕೆ ಕಾರ್ಡು ಬಂತು.
ಉಬ್ಬಿದ ಅಕ್ಷರದಲ್ಲಿ ನನ್ನ ಹೆಸರು, ಒಂದಕ್ಷರ ತಪ್ಪು.
ಲಾರಿಯಲ್ಲಿ ಕೂತು ಸುಮ್ಮನೆ
ಕೊರಳ ಅಯಸ್ಕಾಂತಕ್ಕೆ ಹಿಡಿದೆ.
ಅಂಟಲಿಲ್ಲ.
ಉಗುರಿನಿಂದ ಕೆರೆದು ನೋಡಿದೆ.

ಹುಚ್ಚೀ, ದೂರ ಇಡೇ ಅದನ್ನ,
ಜೋಬಿ ಕಿರುಚಿದ,
ಅಳಿಸಿಹೋದೀತು.