ಪಾವ ಕಮ್ಮಿ ಹನ್ನೆರಡು

ಮೆಣಸಿನಕಾಯಿ ಅಂಗಡಿಯ ಮೇಲಿನ ಖೋಲಿಯಲ್ಲಿ
ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದೇನೆ.
ಐದು ಸಾಲು ಕೋಡಿಗೊಂದು ಸೀನು.
ಕೆಳಗೆ ಬ್ಯಾಡಗಿ ಕೆಂಪಗೆ ಒಣಗುತ್ತಿದೆ.

ತೊಟ್ಟು ಮುರಿಯುವವರ ವಾರದ ಪಗಾರ
ಸಂಜೆಯೊಳಗೆ ಆಗಬೇಕು.
ಮುಕಾದಮ್ ಫಕ್ಕೀರಮ್ಮನ ವಹಿಯಲ್ಲಿ
ಎಣ್ಣೆಯ ಬೊಟ್ಟು, ಒರೆಸಿದ ಗೀರು,
ಅಂಕಿ ಇರಬೇಕಾದಲ್ಲಿ ಅಕ್ಷರ:
‘ಪಾವ ಕಮ್ಮಿ ಹನ್ನೆರಡು.’

ನಾನು ಕಲಿತ ಭಾಷೆ ಸಣ್ಣದು, ಹಟಮಾರಿ.
ಡಬ್ಬಿಯ ಮೇಲೆ ಮೊದಲೇ ಹೆಸರು ಬರೆಯೆನ್ನುತ್ತದೆ.
ಉಪ್ಪು ಅಂತ ಬರೆದು
ಸಕ್ಕರೆ ಸುರಿಯಹೋದರೆ ಕೈ ಹಿಡಿಯುತ್ತದೆ,
ಒಲೆ ಹೊತ್ತಿಸುವ ಮೊದಲೇ.

ಅಕ್ಷರದ ಡಬ್ಬಿಯ ಹನ್ನೆರಡು ಅದಕ್ಕೆ ಹನ್ನೆರಡಲ್ಲ,
ಒಂದರ ಮಗ್ಗುಲಿಗೆ ನಿಂತ ಎರಡು, ಬರೀ ಚಿತ್ರ.
ಅದಕ್ಕೆ ಇನ್ನೊಂದು ಹನ್ನೆರಡು ಕೂಡಿಸಿದರೆ
ಸಾವಿರದ ಇನ್ನೂರ ಹನ್ನೆರಡು.
ಪಗಾರವೂ ಹಾಗೇ ಕೂಡಿದ್ದರೆ
ಖಾತೂನಬಿ ಇಷ್ಟೊತ್ತಿಗೆ ಈ ಅಂಗಡಿಯನ್ನೇ ಕೊಳ್ಳುತ್ತಿದ್ದಳು.

ಸರಿ, ಬದಲಿಸಿದೆ, ಅಕ್ಷರದಿಂದ ಅಂಕಿಗೆ.
ಪಾವಿಗೆ, ಅರ್ಧಕ್ಕೆ, ಮುಕ್ಕಾಲಿಗೆ
ಒಂದೊಂದು ಸಾಲು ಬರೆದೆ.
ಹನ್ನೊಂದು ಬಿಂದು ಏಳು ಐದು.
ಅದನ್ನು ಪೂರ್ಣಾಂಕದ ಡಬ್ಬಿಗೆ ಬಗ್ಗಿಸಿದೆ:
ಹನ್ನೊಂದು.
ಈ ಸಲ ಕೈ ಹಿಡಿಯಲಿಲ್ಲ.
ನೀನೇ ಹೇಳಿದಿ, ನಾ ಕತ್ತರಿಸಿದೆ ಅಂತ ಸುಮ್ಮನಾಯಿತು.

ಮುಕ್ಕಾಲು ಕಿಲೋ ಎಲ್ಲಿ ಹೋಯಿತು?
ಚೀಲದಲ್ಲಿದೆ.
ಬೆರಳಿನ ಉರಿಯಲ್ಲಿದೆ.
ಮೂವತ್ತೊಂದು ಹೆಂಗಸರು, ಆರು ದಿನ.
ಉದುರಿದ್ದನ್ನೆಲ್ಲ ಗುಡಿಸಿ ನೋಡಿದೆ,
ಎರಡು ಚೀಲ ಆಗುತ್ತದೆ.
ಮುಂಚೆ ಇದ್ದ ಗುಮಾಸ್ತರೂ ಮಾಡುತ್ತಿದ್ದುದು ಇದನ್ನೇ.
ಯಾವ ಭಾಷೆಯೂ ಬೇಕಾಗಿರಲಿಲ್ಲ ಅವರಿಗೆ,
‘ಬಿಡೀನ ಬಿಡ್ರಿ’ ಅಂದರೆ ಮುಗಿಯಿತು.

ಎಲ್ಲವನ್ನೂ ಗ್ರಾಮಿಗೆ ಇಳಿಸಿದೆ.
ಹನ್ನೊಂದು ಸಾವಿರದ ಏಳುನೂರ ಐವತ್ತು.
ಕತ್ತರಿಸಲು ಈಗ ಬಿಂದುವೇ ಇಲ್ಲ.

ಉಳಿದದ್ದು ಒಂದು ಮನೆ.
ಗುರುವಾರ, ದುರಗವ್ವನ ಸಾಲು, ಖಾಲಿ.
ಭಾಷೆ ಕೇಳುತ್ತದೆ: ಇದು ಸೊನ್ನೆಯೋ,
ಅಥವಾ ಇಲ್ಲವೇ ಇಲ್ಲವೋ?
ಕಿಟಕಿಯಿಂದ ಕೂಗಿದೆ.
ಫಕ್ಕೀರಮ್ಮ ತಲೆ ಎತ್ತಲಿಲ್ಲ:
‘ಬಂದಿದ್ಲವ್ವಾ. ದಿನಾನೂ ಮುರದಾಳ.
ಸಂಜಿಗೆ ತಕ್ಕಡೀನ ಕೆಟ್ಟಿತ್ತು.’

ಇದಕ್ಕೆ ಯಾವ ಡಬ್ಬಿ?
ಕರ್ಸರ್ ಮಿಣುಕುತ್ತ ಕೂತಿದೆ.
ಕೆಳಗೆ ದುರಗವ್ವ ಸೆರಗು ಝಾಡಿಸಿ
ಇನ್ನೊಂದು ಬುಟ್ಟಿ ಎಳೆದುಕೊಂಡಳು.